ಜಿನೆಟ್ ಹಾಕಿಕೊಟ್ಟ ಸೊನ್ನೆಗಳು

ದ್ವೀಪವೆಂದರೆ ಸುತ್ತಲೂ ಕಡಲೇ ತಾನೆ,
ಎಲ್ಲಿಳಿದರೂ ಆಯಿತು ಅಂದುಕೊಂಡು ಬಂದವಳು ನಾನು.
ಮಾರಿಷಸ್ಸಿನ ಭೂಪಟ ಊಟದ ಮೇಜಿನ ಮೇಲೆ ಬಿಡಿಸಿ
ಮೂಲೆಗಳಿಗೆ ಉಪ್ಪಿನ ಭರಣಿ, ಚಾಕು, ಎರಡು ಮಾವಿನಕಾಯಿ ಹೇರಿ
ಮನೆಯೊಡತಿ ಜಿನೆಟ್ ಕನ್ನಡಕ ಏರಿಸಿದಳು.
ಎಷ್ಟು ದಿನ? ಆರು.
ಕಾರು? ಇಲ್ಲ, ಬಸ್ಸು.
ಈಜು? ಸೊಂಟದ ತನಕ.
ಕಿವಿಸಂದಿಯಿಂದ ಪೆನ್ಸಿಲ್ ತೆಗೆದು
ಸೊನ್ನೆ ಹಾಕತೊಡಗಿದಳು.

ಇಲ್ಲಿ ಗಾಳಿಮರದ ನೆರಳು ನಾಲ್ಕು ಗಂಟೆಯವರೆಗೂ ಕದಲದು,
ಹಾಸಿ ಮಲಗು, ಸೂಜಿಯೆಲೆ ಚುಚ್ಚಿದರೆ ನನ್ನ ಬೈಯಬೇಡ.
ಇಲ್ಲಿ ನೀರು ಹಸುವಿನಷ್ಟು ಸಾಧು,
ಆದರೂ ರಬ್ಬರ್ ಚಪ್ಪಲಿ ಕಳಚಬೇಡ;
ಕಲ್ಲಿನ ಹಾಗೇ ಕೂತ ಮೀನೊಂದಿದೆ,
ಅದನ್ನು ತುಳಿದವರು ಆಸ್ಪತ್ರೆಯ ದಾರಿ ಹಿಡಿದರು.
ಇಲ್ಲಿ, ದಕ್ಷಿಣದಲ್ಲಿ, ಹವಳದ ಗೋಡೆಯಿಲ್ಲ,
ಕಡಲು ಸಾಲಗಾರನ ಮನೆಗೆ ಬಂದಂತೆ ನೇರ ಬಂದು ಬಡಿಯುತ್ತದೆ.
ನೋಡು. ಇಳಿಯಬೇಡ.
ಇಲ್ಲಿಗೆ ಭಾನುವಾರವೇ ಹೋಗು,
ಜನ ಬೇಡವೆನ್ನುವವಳಾದರೆ ಹೋಗಲೇಬೇಡ.

ಪಡುವಣ ಕರೆಯಲ್ಲಿ ಒಂದು ಕೊಲ್ಲಿ,
ಬೆಕ್ಕು ಸುತ್ತಿ ಮಲಗಿದ ಹಾಗೆ.
ವಿಮಾನದ ಪತ್ರಿಕೆಯಲ್ಲಿ ಎರಡು ಪುಟ ತುಂಬಿದ್ದು ಇದೇ.
ಇದಕ್ಕೆ ಸೊನ್ನೆಯಿಲ್ಲವೇ?
ಅದಕ್ಕೆ ಗೇಟಿದೆ, ಅಂದಳು.
ಮರಳು ಎಲ್ಲರದೂ ಅಂತ ಹೇಳುತ್ತಾರೆ.
ಮರಳಿಗೆ ಹೋಗುವ ದಾರಿ ಮಾತ್ರ ಅವರದ್ದು.

ಪೆನ್ಸಿಲಿನ ತುದಿ ಆ ಕೊಲ್ಲಿಯ ಮೇಲೆ
ಮುಟ್ಟದೆ ನಿಂತಿತ್ತು.
ನನ್ನಪ್ಪ ಕ್ಲೆನ್ಸಿ ದೋಣಿ ಕಟ್ಟುತ್ತಿದ್ದ ಬಾದಾಮಿ ಮರ
ಈಗ ಅವರ ಬಾರಿನ ಕಂಬ.
ಹತ್ತೊಂಬತ್ತು ವರ್ಷ ಅಲ್ಲಿ ಹಾಸಿಗೆಬಟ್ಟೆ ಕೊಡವಿದೆ.
ಯಾರ್ಯಾರದೋ ಹಿಮ್ಮಡಿ ಹತ್ತಿ
ಮೂರನೇ ಮಹಡಿಗೆ ಬಂದ ಮರಳು
ಬಿಳಿ ಮಗ್ಗುಲಿನಿಂದ ಸುರ್ರನೆ ಉದುರುತ್ತಿತ್ತು.
ನನಗೆ ಗುರುತು ಹತ್ತುತ್ತಿತ್ತು, ತುಸು ಉರುಟು, ತುಸು ಕೆಂಪು,
ಹಲ್ಲಿಗೆ ಸಿಕ್ಕರೆ ಅಂಥ ಸದ್ದು ಬೇರೆ ಮರಳಿಗಿಲ್ಲ.
ಗುಡಿಸುತ್ತಿದ್ದೆ. ಬಕೆಟ್ಟಿಗೆ ಹಾಕುತ್ತಿದ್ದೆ.
ಸಮವಸ್ತ್ರ ಹಾಕಿಕೊಂಡು ನೀರಿಗಿಳಿಯುವ ಹಾಗಿಲ್ಲ,
ಕಳಚಿದರೆ ಒಳಗೆ ಬಿಡುವ ಹಾಗಿಲ್ಲ.

ಅಳುತ್ತಾಳೇನೋ ಅಂದುಕೊಂಡೆ.
ಮಾವಿನಕಾಯಿ ಎತ್ತಿ ಹೆಚ್ಚತೊಡಗಿದಳು, ಖಾರ, ಉಪ್ಪು, ಹುಣಸೆಗೆ.
ಭಾರ ತಪ್ಪಿದ ಭೂಪಟದ ಮೂಲೆ
ತಾನಾಗಿ ಸುರುಳಿ ಸುತ್ತಿ
ಪಡುವಣವನ್ನು ಮುಚ್ಚಿಕೊಂಡಿತು.

ಭಾನುವಾರದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ
ಗುರುತಿಲ್ಲದವರ ಕುಕ್ಕರು, ಇನ್ನೂ ಬಿಸಿ.
ಬಿಸಿಲಿಗೆ ಅರ್ಧ ಅಕ್ಷರ ಅಳಿಸಿಹೋದ ಫಲಕದ ಕೆಳಗೆ
ಊರಿಗೆ ಊರೇ ಇಳಿಯಿತು.
ಅಪ್ಪಾಡು ಮನೆಯವರು ಅಜ್ಜನನ್ನು ಕುರ್ಚಿಸಮೇತ ಹೊತ್ತು ತಂದು
ಪಾದ ಮುಳುಗುವಷ್ಟು ನೀರಲ್ಲಿ ಇಟ್ಟರು;
ಪ್ಯಾಂಟು ಮಡಿಸುವುದು ಯಾರಿಗೂ ನೆನಪಾಗಲಿಲ್ಲ.
ಒಣಗಿದ ಸೂಜಿಯೆಲೆಗೆ ಬೆಂಕಿ ಹಚ್ಚಿ
ಮೇಕೆಚರ್ಮದ ತಮಟೆ ಕಾಯಿಸುತ್ತಿದ್ದ ಹುಡುಗನೊಬ್ಬ
ಬೆರಳಿನಿಂದ ಒಮ್ಮೆ ತಟ್ಟಿ, ಊಹೂಂ, ಇನ್ನೂ ಇಲ್ಲ ಅಂದ.
ನಾನು ಕೇಳದೆಯೇ ಒಂದು ತಟ್ಟೆ ಬಂತು,
ಹೋಳಿಗೆಯ ಮುಖ, ಸಿಹಿಯಿಲ್ಲದ ಹೊಟ್ಟೆ, ದಾಲ್ ಪೂರಿ.
ಯಾವ ಹೋಟೆಲು? ಕೇಳಿದಳು ತಟ್ಟೆಯವಳು.
ಜಿನೆಟ್ ಮನೆ, ಅಂದೆ,
ಇಡೀ ದ್ವೀಪಕ್ಕೆ ಒಬ್ಬಳೇ ಜಿನೆಟ್ ಅನ್ನುವ ಹಾಗೆ.
ಆಕೆಯೂ ಹಾಗೇ ತಲೆಯಾಡಿಸಿದಳು.

ಉಳಿದ ಸೊನ್ನೆಗಳಲ್ಲಿ ಎರಡಕ್ಕೆ ಹೋಗಲಾಗಲಿಲ್ಲ.
ಒಂದು ದಿನ ಮಳೆ,
ಇನ್ನೊಂದು ದಿನ ಮತ್ತೆ ಅದೇ ಬಸ್ಸು ಹತ್ತಿದ್ದೆ.

ಹೊರಡುವ ಬೆಳಗು ಹಾಸಿಗೆ ನೋಡಿ ನಾಚಿಕೆಯಾಯಿತು.
ಕ್ಷಮಿಸು, ಎಲ್ಲ ಮರಳು ಮಾಡಿಟ್ಟೆ, ನಾನೇ ಕೊಡವುತ್ತೇನೆ.
ಜಿನೆಟ್ ಒಂದು ಚಿಟಿಕೆ ತೆಗೆದು
ಹೆಬ್ಬೆಟ್ಟು ತೋರುಬೆರಳ ನಡುವೆ ತಿಕ್ಕಿದಳು,
ಅಕ್ಕಿ ನೋಡುವವರ ಹಾಗೆ.
ಭಾನುವಾರದ್ದು, ಅಂದಳು.
ಇರಲಿ ಬಿಡು.